ಚದುರಿದ ಎಬಿಸಿ ಫೈಲುಗಳಿಂದ ಒಂದು ಟ್ಯೂನ್ ಪುಸ್ತಕ

ಜಿಗ್, ರೀಲ್ ಎಂಬ ಐರಿಷ್ ಕುಣಿತದ ಟ್ಯೂನ್‌ಗಳನ್ನು ಕಲಿಯುವವರ ಕಂಪ್ಯೂಟರಿನಲ್ಲಿ ಎಬಿಸಿ ನೊಟೇಶನ್ (ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ) ಫೈಲುಗಳು ಎಲ್ಲೆಂದರಲ್ಲಿ ಬಿದ್ದಿರುತ್ತವೆ, ಅಲ್ವಾ? ಇವು ಬರೀ ಟೆಕ್ಸ್ಟ್, ಹಾಗಾಗಿ ಎಲ್ಲವನ್ನೂ ಒಂದೇ ಫೈಲಿಗೆ ಅಂಟಿಸಬಹುದು. ಮೊದಲು ಒಂದು ಕಾಪಿ ತೆಗೆದಿಡಿ. ಎರಡು ಟ್ಯೂನ್‌ಗಳ ನಡುವೆ ಖಾಲಿ ಸಾಲು ಇರಲೇಬೇಕು, ಆದರೆ ಟ್ಯೂನಿನ ಒಳಗೆ ಬಿಟ್ಟೀರಿ ಜೋಕೆ, ಅಲ್ಲಿಗೇ ಟ್ಯೂನ್ ಮುಗಿಯಿತು ಅಂತ ಸಾಫ್ಟ್‌ವೇರ್ ತಿಳಿಯುತ್ತದೆ. ಟ್ಯೂನಿನ ಸಂಖ್ಯೆ ಹೇಳುವ ‘ಎಕ್ಸ್:’ ಸಾಲು ಬಿಡಿ ಫೈಲುಗಳಲ್ಲಿ ಸಾಮಾನ್ಯವಾಗಿ ‘ಎಕ್ಸ್:1’ ಎಂದೇ ಇರುತ್ತದೆ. ಅದನ್ನು 1, 2, 3 ಅಂತ ಬದಲಿಸಿ. ‘ಟಿ:’ಯಲ್ಲಿ ಹೆಸರು, ‘ಆರ್:’ನಲ್ಲಿ ಜಿಗ್ಗೋ ರೀಲೋ ಅನ್ನೋದು. ಸ್ಕೇಲ್ ಹೇಳುವ ‘ಕೆ:’ ಸಾಲು ಇವೆಲ್ಲದರ ಕೊನೆಗೇ ಬರಬೇಕು. ಹೆಸರಿನ ಮೊದಲಿನ ‘ದಿ’ (The) ಪದವನ್ನು ಕಾಮಾ ಹಾಕಿ ಹೆಸರಿನ ಕೊನೆಗೆ ತಳ್ಳಿ, ಇಲ್ಲದಿದ್ದರೆ ಅಕ್ಷರಕ್ರಮದಲ್ಲಿ ಜೋಡಿಸುವಾಗ ಅರ್ಧ ಪುಸ್ತಕ ‘ಟಿ’ ಅಕ್ಷರದಲ್ಲೇ ಕೂತುಬಿಡುತ್ತದೆ. ಆಮೇಲೆ ಈಸಿಎಬಿಸಿ (EasyABC) ಎಂಬ ಸಾಫ್ಟ್‌ವೇರಿನಲ್ಲಿ ತೆರೆದು, ಪ್ರತಿಯೊಂದನ್ನೂ ಒಮ್ಮೆ ನುಡಿಸಿ ಕೇಳಿ, ಪಿಡಿಎಫ್ ಮಾಡಿಕೊಳ್ಳಿ.