ಅಡಿಕೆ ತೋಟದ ಗೊಬ್ಬರ, ಗಾಜಿನ ತೊಟ್ಟಿಗೆ ಎಷ್ಟು?

ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೇ ಸಂಬಂಧಿಕರೊಬ್ಬರ ಫೋನು. "ಮೀನೆಲ್ಲಾ ಮೇಲೆ ಬಂದು ಬಾಯಿ ಬಡಿತಾ ಇದ್ದು ಭಾವ, ಎಂತ ಮಾಡವು?" ಮೀನಿನ ಜೊತೆ ನೀರಿನ ಗಿಡಗಳನ್ನೂ ಬೆಳೆಸುವ ಅವರ ಗಾಜಿನ ತೊಟ್ಟಿಗೆ (ಅಕ್ವೇರಿಯಂಗೆ) ಏನು ಬಿತ್ತು ಎಂದು ವಿಚಾರಿಸಿದೆ. "ಎಂತ ಇಲ್ಲೆ. ಗಿಡ ಸೊರಗಿದ್ದು ಹೇಳಿ ಒಂದೇ ಚಮಚ ಹತ್ತೊಂಬತ್ತು-ಹತ್ತೊಂಬತ್ತು ಹಾಕಿದ್ದಿ." 19-19-19 ಎಂಬ ತೋಟದ ಗೊಬ್ಬರ ಅದು. ಮಧ್ಯಾಹ್ನದ ಊಟದೊಳಗೆ ಅವರ ಗಪ್ಪಿಗಳಲ್ಲಿ ಅರ್ಧಕ್ಕರ್ಧ ಸತ್ತಿದ್ದವು.

ಶಿರಸಿ ಕಡೆಯ ಮನೆಗಳಲ್ಲಿ ಗೊಬ್ಬರಕ್ಕೆ ಬರವಿಲ್ಲ. ಅಟ್ಟದ ಮೇಲೊಂದು, ಕೊಟ್ಟಿಗೆಯ ಮೂಲೆಯಲ್ಲೊಂದು ಒಡೆದ ಪೊಟ್ಟಣ ಇದ್ದೇ ಇರುತ್ತದೆ. ತೋಟಕ್ಕೆ ಆಗುವುದು ತೊಟ್ಟಿಗೂ ಆದೀತು ಎನ್ನುವ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಆದರೆ ತೋಟದಲ್ಲಿ ಹೆಚ್ಚಾದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ, ಗಾಜಿನ ತೊಟ್ಟಿಯಲ್ಲಿ ನಾವು ನೀರು ತೆಗೆಯುವ ತನಕ ಅದು ಅಲ್ಲೇ ಇರುತ್ತದೆ. ಆದ್ದರಿಂದ ಇಲ್ಲಿ ಹಿಡಿ, ಚಮಚ, ಚಿಟಿಕೆ ಯಾವುದೂ ನಡೆಯುವುದಿಲ್ಲ. ಗ್ರಾಂ ಮತ್ತು ಲೀಟರ್, ಎರಡೇ.

ಹಂತ 1: ನೀರು ಎಷ್ಟಿದೆ?

ಅಂಗಡಿಯವರು ಹೇಳಿದ ಲೀಟರ್ ನಂಬಬೇಡಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಲೆಕ್ಕದ ಪ್ರಕಾರ 42 ಲೀಟರ್ ಹಿಡಿಯಬೇಕು. ಮೇಲೆ ಒಂದಿಂಚು ಖಾಲಿ ಬಿಟ್ಟು, ಕೆಳಗೆ ಎರಡಿಂಚು ಮರಳು ಹಾಸಿದ ಮೇಲೆ ಉಳಿಯುವುದು, ಮರಳಿನ ಸಂದಿಯ ನೀರೂ ಸೇರಿ, ಸುಮಾರು 35 ಲೀಟರ್. ಕಲ್ಲು, ಮರದ ಬೊಡ್ಡೆ ಇಟ್ಟರೆ ಇನ್ನೂ ಕಡಿಮೆ. ಹೊಸದಾಗಿ ತುಂಬಿಸುವಾಗ ಲೀಟರ್ ಗುರುತಿರುವ ಬಕೆಟ್‌ನಲ್ಲಿ ಎಣಿಸಿ ಸುರಿಯಿರಿ, ತೊಟ್ಟಿಯ ಹಿಂಭಾಗದ ಗಾಜಿನ ಮೇಲೆ ಆ ಅಂಕಿ ಬರೆದಿಡಿ. ಕೆಳಗಿನ ಲೆಕ್ಕವೆಲ್ಲ 35 ಲೀಟರಿಗೆ.

ಹಂತ 2: ಯಾವ ಗೊಬ್ಬರ?

ಪೊಟ್ಟಣದ ಮೇಲಿನ ಮೂರು ಅಂಕಿ ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟೆಷ್ಟು ಎನ್ನುವುದು ತೋಟ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ತೊಟ್ಟಿಗೆ ಮುಖ್ಯವಾಗುವುದು ಆ ಸಾರಜನಕ ಯಾವ ರೂಪದಲ್ಲಿದೆ ಎಂಬುದು. 19-19-19ರಲ್ಲಿ ಸಾರಜನಕದ ಬಹುಪಾಲು ಯೂರಿಯಾ ಮತ್ತು ಅಮೋನಿಯಂ ರೂಪದಲ್ಲಿರುತ್ತದೆ. ಯೂರಿಯಾ ನೀರಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ. ಅಮೋನಿಯಾ ಮೀನಿನ ಕಿವಿರು ಸುಡುತ್ತದೆ. ಡಿಎಪಿಯದೂ (ಡೈ ಅಮೋನಿಯಂ ಫಾಸ್ಫೇಟ್) ಇದೇ ಕಥೆ. ಸಗಣಿ ಗೊಬ್ಬರ, ಎರೆಗೊಬ್ಬರ, ಜೀವಾಮೃತಗಳಂತೂ ಮಣ್ಣಿಗೆ ಎಷ್ಟು ಒಳ್ಳೆಯವೋ ಗಾಜಿನೊಳಗಿನ ನೀರಿಗೆ ಅಷ್ಟೇ ಕೆಟ್ಟವು. ಕೊಳೆಯುತ್ತ ನೀರಿನ ಆಮ್ಲಜನಕವನ್ನೇ ಕುಡಿದುಬಿಡುತ್ತವೆ.

ನಮಗೆ ಬೇಕಾದವು ಎರಡೇ ಪುಡಿ. ಒಂದು 13-0-45, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಇದರ ಸಾರಜನಕವೆಲ್ಲ ನೈಟ್ರೇಟ್ ರೂಪದಲ್ಲಿದೆ, ಹದದಲ್ಲಿದ್ದರೆ ಮೀನಿಗೆ ತೊಂದರೆಯಿಲ್ಲ. ಇನ್ನೊಂದು 0-52-34, ಮೋನೋ ಪೊಟ್ಯಾಸಿಯಂ ಫಾಸ್ಫೇಟ್. ಎರಡೂ ಡ್ರಿಪ್‌ನಲ್ಲಿ ಬಿಡುವ, ನೀರಿನಲ್ಲಿ ಪೂರ್ತಿ ಕರಗುವ ಗೊಬ್ಬರಗಳೇ. ಯಾವ ಗೊಬ್ಬರದ ಅಂಗಡಿಯಲ್ಲಾದರೂ ಕೇಳಿ. ಕಿಲೋ ಪೊಟ್ಟಣ ಕೊಳ್ಳುವ ಬದಲು ಡ್ರಿಪ್ ಹಾಕಿಸಿದ ನೆಂಟರ ಮನೆಯಲ್ಲಿ ಒಂದು ಹಿಡಿ ಬೇಡುವುದು ಜಾಣತನ. ಚಿಕ್ಕ ತೊಟ್ಟಿಯೊಂದಕ್ಕೆ ಒಂದು ಕಿಲೋ 13-0-45 ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಕಬ್ಬಿಣ, ಮ್ಯಾಂಗನೀಸ್, ಸತು, ಬೋರಾನ್ ಮುಂತಾದ ಲಘು ಪೋಷಕಾಂಶಗಳ ವಿಷಯದಲ್ಲಿ ಮಾತ್ರ ನನ್ನ ಸಲಹೆ ಉಲ್ಟಾ. ಅವನ್ನು ಗೊಬ್ಬರದ ಅಂಗಡಿಯಿಂದ ತರಬೇಡಿ. ತೋಟದ ಮಿಶ್ರಣಗಳಲ್ಲಿ ಸತು, ಬೋರಾನ್ ಪ್ರಮಾಣ ತೋಟದ ಅಗತ್ಯಕ್ಕೆ ತಕ್ಕಂತಿರುತ್ತದೆ, ತೊಟ್ಟಿಗೆ ಅದು ವಿಪರೀತ. ಅಕ್ವೇರಿಯಂ ಅಂಗಡಿಯ ಸಣ್ಣ ಬಾಟಲಿಯೇ ಸಾಕು, ಆದರೆ ಬಾಟಲಿಯ ಹಿಂದೆ ಯಾವ ಧಾತು ಎಷ್ಟು ಶೇಕಡಾ ಎಂದು ಅಚ್ಚಾಗಿರಬೇಕು. ಬರೀ ಹಸಿರು ಎಲೆಯ ಚಿತ್ರ, ಒಳಗೆ ಬಣ್ಣದ ನೀರು ಇರುವ ಬಾಟಲಿಗಳು ಬೇಕಾದಷ್ಟಿವೆ. ಅಳತೆ ಬರೆಯದವನಿಗೆ ದುಡ್ಡು ಕೊಡಬೇಡಿ.

'ಲಿಕ್ವಿಡ್ ಕಾರ್ಬನ್' ಎಂಬ ಇನ್ನೊಂದು ಬಾಟಲಿ ಪಕ್ಕದಲ್ಲೇ ಇರುತ್ತದೆ. ಸಾಮಾನ್ಯವಾಗಿ ಅದರೊಳಗಿರುವುದು ಗ್ಲುಟರಾಲ್ಡಿಹೈಡ್, ಆಸ್ಪತ್ರೆಯ ಉಪಕರಣಗಳನ್ನು ಕ್ರಿಮಿಮುಕ್ತ ಮಾಡಲು ಬಳಸುವ ರಾಸಾಯನಿಕ. ಪಾಚಿ ಸಾಯುತ್ತದೆ ನಿಜ, ಜೊತೆಗೆ ವ್ಯಾಲಿಸ್ನೇರಿಯಾದಂತಹ ಗಿಡಗಳೂ ಕರಗಿಹೋಗುತ್ತವೆ. ಅದನ್ನು ಗೊಬ್ಬರ ಎಂದು ಕರೆಯುವುದೇ ತಪ್ಪು. ನಮ್ಮ ಮನೆಯಲ್ಲಂತೂ ಅದಕ್ಕೆ ಪ್ರವೇಶವಿಲ್ಲ.

ಹಂತ 3: ತೂಗುವುದು, ಕರಗಿಸುವುದು

ನಾನು ನೋಡಿದ ಅನಾಹುತಗಳೆಲ್ಲ ಆದದ್ದು ಇಲ್ಲೇ.

ಒಂದು ಟೀ ಚಮಚ 13-0-45 ಸುಮಾರು 5 ಗ್ರಾಂ ತೂಗುತ್ತದೆ. ಅದನ್ನು 35 ಲೀಟರಿಗೆ ಸುರಿದರೆ ನೈಟ್ರೇಟ್ ಒಮ್ಮೆಲೇ 80 ಪಿಪಿಎಂ ಏರುತ್ತದೆ. ಪಿಪಿಎಂ ಅಂದರೆ ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ, ಅಷ್ಟೇ. ಗಿಡಗಳಿಗೆಂದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಕಟ್ಟದ, ಸಾಧಾರಣ ಎಲ್‌ಇಡಿ ದೀಪದ ತೊಟ್ಟಿಗೆ ವಾರಕ್ಕೆ ಬೇಕಾದದ್ದು 3-4 ಪಿಪಿಎಂ. ಒಂದೇ ಚಮಚದಲ್ಲಿ ಐದಾರು ತಿಂಗಳ ಊಟ ಒಟ್ಟಿಗೇ ಬಡಿಸಿದ ಹಾಗಾಯಿತು.

ಹಾಗಾಗಿ ಪುಡಿಯನ್ನು ಯಾವತ್ತೂ ನೇರ ತೊಟ್ಟಿಗೆ ಹಾಕಬೇಡಿ. ಮೊದಲು ದ್ರಾವಣ. 0.01 ಗ್ರಾಂ ತೋರಿಸುವ ಕಿಸೆ ತಕ್ಕಡಿ ಬೇಕು, ಬಂಗಾರ ತೂಗುವಂಥದ್ದು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗೂ ಎರಡು ಗ್ರಾಂಗೂ ವ್ಯತ್ಯಾಸ ಹೇಳಲು ತಡವರಿಸುತ್ತದೆ. ತಕ್ಕಡಿ ತರುವ ಮನಸ್ಸಿಲ್ಲದಿದ್ದರೆ ಪುಡಿಯ ಸುದ್ದಿಗೇ ಹೋಗಬೇಡಿ, ಸಿದ್ಧ ಬಾಟಲಿಯಲ್ಲೇ ಇರಿ.

ಕುದಿಸಿ ತಣಿಸಿದ ನೀರು ಅರ್ಧ ಲೀಟರ್ ತೆಗೆದುಕೊಳ್ಳಿ. ಅದಕ್ಕೆ 13-0-45 ಹತ್ತು ಗ್ರಾಂ, 0-52-34 ಒಂದು ಗ್ರಾಂ. ಕುಲುಕಿ. ಕರಗುವಾಗ ಬಾಟಲಿ ತಣ್ಣಗಾದರೆ ಗಾಬರಿ ಬೇಡ, ಪೊಟ್ಯಾಸಿಯಂ ನೈಟ್ರೇಟ್‌ನ ಗುಣವೇ ಅದು. ಈ ದ್ರಾವಣದ 10 ಮಿಲಿ 35 ಲೀಟರಿಗೆ ಹೋದರೆ ನೈಟ್ರೇಟ್ 3.3, ಫಾಸ್ಫೇಟ್ 0.4, ಪೊಟ್ಯಾಸಿಯಂ 2.3 ಪಿಪಿಎಂ ಸೇರುತ್ತದೆ. ಒಂದು ವಾರಕ್ಕೆ ಇದು ಸಾಕು. ತೊಟ್ಟಿ ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಏರಿಸಿ: 70 ಲೀಟರಿಗೆ 20 ಮಿಲಿ.

ನೀವೇ ಲೆಕ್ಕ ಹಾಕಲು ಹೊರಟರೆ ಒಂದು ಕಡೆ ಎಡವುತ್ತೀರಿ, ನಾನೂ ಎಡವಿದ್ದೆ. ಪೊಟ್ಟಣದ ಮೇಲಿನ 45 ಎನ್ನುವುದು ಪೊಟ್ಯಾಸಿಯಂ ಅಲ್ಲ, ಅದರ ಆಕ್ಸೈಡ್‌ನ ಲೆಕ್ಕ. 0.83ರಿಂದ ಗುಣಿಸಿದರೆ ನಿಜವಾದ ಪೊಟ್ಯಾಸಿಯಂ 37 ಬರುತ್ತದೆ. ಹಾಗೆಯೇ 13 ಎನ್ನುವುದು ಬರೀ ಸಾರಜನಕ; ಟೆಸ್ಟ್ ಕಿಟ್ ತೋರಿಸುವ ನೈಟ್ರೇಟ್‌ಗೆ ಹೋಲಿಸಬೇಕಾದರೆ 4.43ರಿಂದ ಗುಣಿಸಬೇಕು. ಇದನ್ನು ಮರೆತವರು ನಾಲ್ಕು ಪಟ್ಟು ಹೆಚ್ಚು ಹಾಕಿ, ಪಾಚಿ ಬಂತೆಂದು ದೀಪವನ್ನು ಬೈಯುತ್ತಾರೆ.

ಕಬ್ಬಿಣದ ಬಾಟಲಿಯನ್ನು ಇದಕ್ಕೆ ಬೆರೆಸಿಡಬೇಡಿ. ಕಬ್ಬಿಣವೂ ಫಾಸ್ಫೇಟೂ ಗಟ್ಟಿ ದ್ರಾವಣದಲ್ಲಿ ಸೇರಿದರೆ ಗಸಿಯಾಗಿ ತಳಕ್ಕೆ ಕೂರುತ್ತವೆ, ಗಿಡಕ್ಕೆ ಎರಡೂ ದಕ್ಕುವುದಿಲ್ಲ. ಎರಡು ಬಾಟಲಿ, ಎರಡು ಸಿರಿಂಜ್. ಕಬ್ಬಿಣದ್ದು ಬೆಳಕು ಬೀಳದ ಕಡೆ ಇರಲಿ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕದಡಿದ ಬಕೆಟ್, ಕೋಲು, ಅದಕ್ಕೆ ಹಾಕುವ ಮೈಲುತುತ್ತ (ತಾಮ್ರದ ಸಲ್ಫೇಟ್) ತೂಗಿದ ತಟ್ಟೆ ಇವುಗಳಲ್ಲಿ ಯಾವುದನ್ನೂ ತೊಟ್ಟಿಯ ಹತ್ತಿರ ತರಬೇಡಿ, ಎಷ್ಟೇ ತೊಳೆದಿರಲಿ. ಸಾಕುವ ಪುಟ್ಟ ಸಿಗಡಿಗಳಿಗೆ, ಬಸವನಹುಳುಗಳಿಗೆ ಸಾಯಲು ತಾಮ್ರ ಚೂರೇ ಚೂರು ಸಾಕು. ಔಷಧಿ ಹೊಡೆದು ಬಂದ ದಿನ ತೊಟ್ಟಿಗೆ ಕೈಯನ್ನೂ ಹಾಕಬೇಡಿ.

ಹಂತ 4: ಹಾಕುವುದು

ಭಾನುವಾರ ಮೂರನೇ ಒಂದು ಭಾಗ ನೀರು ಬದಲಿಸಿ. ಸೋಮವಾರ, ಗುರುವಾರ ದ್ರಾವಣ 5 ಮಿಲಿಯಂತೆ. ಮಂಗಳವಾರ, ಶುಕ್ರವಾರ ಲಘು ಪೋಷಕಾಂಶ, ಬಾಟಲಿ ಹೇಳಿದ್ದರ ಅರ್ಧ. ದೀಪ ದಿನಕ್ಕೆ ಏಳು ತಾಸು.

ಮೀನು ಜಾಸ್ತಿ ಇರುವ ತೊಟ್ಟಿಯಾದರೆ ಮೊದಲು ನೈಟ್ರೇಟ್ ಪರೀಕ್ಷಿಸಿ. ಮೀನಿನ ಆಹಾರ, ಹಿಕ್ಕೆಗಳೇ ಸಾರಜನಕ, ರಂಜಕ ಎರಡನ್ನೂ ಕೊಡುತ್ತವೆ. ಆಗಲೇ 20 ಪಿಪಿಎಂ ಇದ್ದರೆ 13-0-45 ಬೇಡವೇ ಬೇಡ. ಪೊಟ್ಯಾಷ್ ಕೊರತೆ ಕಂಡರೆ 0-0-50, ಅಂದರೆ ಪೊಟ್ಯಾಸಿಯಂ ಸಲ್ಫೇಟ್ ಒಂದೇ ಸಾಕು. ಕ್ರಿಪ್ಟೋಕೊರೈನ್‌ನಂತಹ ಬೇರಿನಿಂದ ಹೆಚ್ಚು ಉಣ್ಣುವ ಗಿಡಗಳಿಗೆ ಬುಡದ ಮರಳಿನಲ್ಲಿ ಎರಡಿಂಚು ಆಳಕ್ಕೆ ಬೇರಿನ ಗುಳಿಗೆ (ರೂಟ್ ಟ್ಯಾಬ್ ಎಂಬ ಗೊಬ್ಬರದ ಗುಳಿಗೆ) ಹೂಳಿ. ಇದೇ ಜಾತಿಯ ಗಿಡಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ. ಅಲ್ಲಿಂದ ಕಿತ್ತು ತರಬೇಡಿ, ಅಂಗಡಿಯದ್ದೇ ಬೇಗ ಹೊಂದಿಕೊಳ್ಳುತ್ತದೆ.

ನೀರು ನೋಡಿ ಕೈ ಹಾಕಿ

ಘಟ್ಟದ ಮೇಲೆ ಜಂಬಿಟ್ಟಿಗೆ ನೆಲದ ಬಾವಿ ನೀರು ತೀರಾ ಮೃದು. ಇಲ್ಲಿ ಎಷ್ಟೋ ಸಲ ಕೊರತೆಯಾಗುವುದು ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಅಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ. ನೀರು ಬದಲಿಸಿದ ದಿನ, ಹೊಸದಾಗಿ ಸುರಿಯುವ ಪ್ರತಿ 12 ಲೀಟರಿಗೆ ಒಂದು ಗ್ರಾಂನ ಮೂರನೇ ಒಂದು ಭಾಗ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ಹಾಕಿದರೆ ಮೆಗ್ನೀಸಿಯಂ 2.7 ಪಿಪಿಎಂನಷ್ಟು ಉಳಿಯುತ್ತದೆ. ಬಸವನಹುಳುವಿನ ಚಿಪ್ಪು ಬಿಳಿಚಿಕೊಂಡು ಗುಳಿ ಬಿದ್ದಿದ್ದರೆ ಕ್ಯಾಲ್ಸಿಯಂ ಸಾಲದು ಎಂದೇ ತಿಳಿಯಿರಿ. ಅದಕ್ಕೆ ಬಾಟಲಿ ಬೇಕಿಲ್ಲ. ಕುಮಟೆಯ ಕಡೆಯಿಂದ ನಾಲ್ಕು ಬಳಚಿನ ಚಿಪ್ಪು ತಂದು, ಕುದಿಸಿ ತಿಕ್ಕಿ, ಫಿಲ್ಟರ್‌ನೊಳಗೆ ಇಡಿ. ಬಾವಿ ನೀರು ಹಿಡಿದಿಟ್ಟರೆ ಕೆಂಪು ಗಸಿ ಕೂರುತ್ತದಲ್ಲ, ಅದು ಕಬ್ಬಿಣವೇ, ಆದರೆ ತುಕ್ಕಾದ ಕಬ್ಬಿಣ. ಎಲೆಗೆ ಅದರಿಂದ ಪ್ರಯೋಜನವಿಲ್ಲ.

ಕರಾವಳಿಯಲ್ಲಿ ಪ್ರಶ್ನೆಯೇ ಬೇರೆ. ಕಾರವಾರ, ಅಂಕೋಲೆ ಬದಿಯಲ್ಲಿ ಅಳಿವೆಗೆ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಏಪ್ರಿಲ್‌ನಲ್ಲಿ ಎಲೆ ತುದಿ ಕಂದಾಗಿ ಕರಗತೊಡಗಿದರೆ ಗೊಬ್ಬರ ಹೆಚ್ಚಿಸುವ ಮೊದಲು, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಉಪ್ಪು ನೀರಿನ ಸಮಸ್ಯೆಗೆ ಗೊಬ್ಬರದಲ್ಲಿ ಪರಿಹಾರವಿಲ್ಲ, ಸಿಹಿ ನೀರು ತರಬೇಕು.

ಮಳೆಗಾಲದಲ್ಲಿ ಕರೆಂಟು ಎರಡು ದಿನ ಬಾರದಿದ್ದರೆ ಆ ಎರಡು ದಿನದ ಗೊಬ್ಬರ ಬಿಟ್ಟುಬಿಡಿ. ದೀಪವಿಲ್ಲದೆ ಗಿಡ ಉಣ್ಣುವುದಿಲ್ಲ. ಕರೆಂಟು ಬಂದ ಮೇಲೆ ಬಾಕಿ ತೀರಿಸಲೂ ಹೋಗಬೇಡಿ.

ಹಂತ 5: ಎಲೆ ಓದುವುದು

ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ಸಾರಜನಕ ಸಾಲದು. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂತಹ ತೂತು, ತೂತಿನ ಸುತ್ತ ಹಳದಿ ಅಂಚು ಕಂಡರೆ ಪೊಟ್ಯಾಷ್. ಹೊಸ ಚಿಗುರೇ ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣ. ಕಾರಣ ಇಷ್ಟೇ: ಸಾರಜನಕ, ಪೊಟ್ಯಾಷ್‌ಗಳನ್ನು ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸಬಲ್ಲದು, ಕಬ್ಬಿಣವನ್ನು ಸಾಗಿಸಲಾರದು.

ಅಳತೆ ಬದಲಿಸಿದರೆ ಮೂರು ವಾರ ಮುಟ್ಟಬೇಡಿ. ಹಾಳಾದ ಎಲೆ ಮತ್ತೆ ಸರಿಯಾಗುವುದಿಲ್ಲ, ಕತ್ತರಿಸಿ ಎಸೆಯಿರಿ. ನೋಡಬೇಕಾದದ್ದು ಹೊಸ ಚಿಗುರನ್ನು. ಗಾಜಿಗೆ ಪಾಚಿ ಕಟ್ಟಿದರೆ ಮೊದಲು ದೀಪವನ್ನು ಒಂದು ತಾಸು ಇಳಿಸಿ.

ಇಷ್ಟು ಹೇಳಿದರೂ ಯಾರೋ ಒಬ್ಬರು ಚಮಚ ಹಾಕಿಯೇ ಹಾಕುತ್ತಾರೆ. ಹಾಗಾದಾಗ: ತಕ್ಷಣ ಅರ್ಧ ನೀರು ತೆಗೆದು, ಅದೇ ಬಿಸುಪಿನ ಕ್ಲೋರಿನ್ ಇಲ್ಲದ ನೀರು ತುಂಬಿಸಿ. ಏರ್ ಪಂಪ್ ಹಚ್ಚಿಡಿ. ಆ ದಿನ ಮೀನಿಗೆ ಆಹಾರ ಹಾಕಬೇಡಿ. ಮರುದಿನ ಮತ್ತೆ ಅರ್ಧ ನೀರು ಬದಲಿಸಿ. ಹಾಕಿದ್ದು 19-19-19 ಆಗಿದ್ದರೆ ಮೂರನೆಯ ದಿನವೂ ಬದಲಿಸಬೇಕು, ಯೂರಿಯಾ ಅಮೋನಿಯಾ ಆಗಲು ಸಮಯ ತೆಗೆದುಕೊಳ್ಳುವುದರಿಂದ ಮೊದಲ ದಿನ ಮೀನು ಚೆನ್ನಾಗಿ ಓಡಾಡಿದರೂ ನಂಬುವ ಹಾಗಿಲ್ಲ.