ಪೊಲೀಸ್ ವೈರ್‌ಲೆಸ್ ಕೇಳಬೇಕೆಂದು ಹೊರಟು ಹ್ಯಾಮ್ ಆದ ಬಗೆ

ರಾಜಾಜಿನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯ ಗೋದಾಮಿಗೆ ಒಂದು ರಾತ್ರಿ ಬೆಂಕಿ ಬಿತ್ತು. ಬೀದಿಯವರೆಲ್ಲ ಹೊಗೆ ನೋಡುತ್ತಿದ್ದರೆ ನನ್ನ ಕಣ್ಣು ಅಗ್ನಿಶಾಮಕ ವಾಹನದ ಬಳಿ ನಿಂತಿದ್ದ ಸಿಬ್ಬಂದಿಯೊಬ್ಬರ ಕೈಯ ವೈರ್‌ಲೆಸ್ ಸೆಟ್ಟಿನ ಮೇಲೇ ನೆಟ್ಟಿತ್ತು. "ಮುಂದೆ ಟ್ರಾನ್ಸ್‌ಫಾರ್ಮರ್ ಇದೆ, ಹಿಂದಿನ ಅಡ್ಡರಸ್ತೆಯಿಂದ ಬನ್ನಿ" ಎಂದಷ್ಟೇ ಅವರು ಹೇಳಿದರು. ಸ್ವಲ್ಪ ಹೊತ್ತಿಗೆ ಎರಡನೆಯ ಗಾಡಿ ಸರಿಯಾಗಿ ಆ ಅಡ್ಡರಸ್ತೆಯಿಂದಲೇ ಬಂತು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅಂಥ ಮಾತುಗಳನ್ನು ಇನ್ನಷ್ಟು ಕೇಳಬೇಕೆಂಬ ಆಸೆ ಅಂದೇ ಹುಟ್ಟಿತು.

ದೊಡ್ಡಪ್ಪನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಬಹಳ ಊರುಗಳಲ್ಲಿ ಪೊಲೀಸ್, ಅಗ್ನಿಶಾಮಕ ದಳದ ಮಾತುಗಳನ್ನು ಜನ ಸ್ಕ್ಯಾನರ್, ಅಂದರೆ ಅಲೆಗಳನ್ನು ತಾನೇ ಹುಡುಕಿ ಕೇಳಿಸುವ ರಿಸೀವರ್, ಇಟ್ಟುಕೊಂಡು ಕೇಳುವುದುಂಟು. ಇತ್ತೀಚೆಗೆ ಅಲ್ಲಿಯೂ ಅನೇಕ ಇಲಾಖೆಗಳು ಮಾತನ್ನು ಗೂಢಲಿಪಿಗೆ ಬದಲಾಯಿಸಿ ಕಳಿಸುತ್ತಿವೆ. "ಬರುವಾಗ ನಿನಗೊಂದು ತರಲೇನೋ?" ಎಂದು ಅಣ್ಣ ಕೇಳಿದ. ಹೂಂ ಎನ್ನುವ ಮೊದಲು ಮಲ್ಲೇಶ್ವರದಲ್ಲಿರುವ ಹಿರಿಯ ಹ್ಯಾಮ್, ಅಂದರೆ ಪರವಾನಗಿ ಪಡೆದ ರೇಡಿಯೊ ಹವ್ಯಾಸಿ, ಒಬ್ಬರನ್ನು ಹೋಗಿ ಕಂಡೆ. ಆ ಒಂದು ಭೇಟಿಯೇ ನನ್ನ ದಾರಿಯನ್ನು ತಿರುಗಿಸಿತು.

"ತರಿಸಬೇಡಪ್ಪಾ" ಎಂದರು. ನಮ್ಮಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ತಪ್ಪು. ನಮ್ಮ ತಾತ ಮನೆಯ ಮರ್ಫಿ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸುತ್ತಿದ್ದರು. ಹಾಡು, ವಾರ್ತೆ ಕೇಳುವ ರೇಡಿಯೊಗೆ ಆ ಕಟ್ಟು ಹೋಗಿ ದಶಕಗಳಾದವು, ಸ್ಕ್ಯಾನರಿನಂಥವಕ್ಕೆ ಹೋಗಿಲ್ಲ. 2023ರ ದೂರಸಂಪರ್ಕ ಕಾಯ್ದೆಯಂತೂ ಅಕ್ರಮವಾಗಿ ಸಂದೇಶ ಕದ್ದಾಲಿಸಿದರೆ 3 ವರ್ಷದವರೆಗೆ ಸೆರೆ, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಎನ್ನುತ್ತದೆ.

ಕಾನೂನಿಗಿಂತ ಹೆಚ್ಚು ನಾಟಿದ್ದು ಅವರು ಕೊನೆಯಲ್ಲಿ ಆಡಿದ ಮಾತು. "ನಿನಗದು ಕುತೂಹಲ. ಆ ಕಡೆಯಿಂದ ಬರುವುದು ಯಾರದೋ ಮನೆಯ ವಿಳಾಸ, ಯಾವುದೋ ಹೆಣ್ಣುಮಗಳ ದೂರು. ಅದು ನಿನ್ನ ಕಿವಿಗೆ ಯಾಕೆ ಬೀಳಬೇಕು? ಕೇಳುವುದನ್ನು ಕಲಿಯಬೇಕಿದ್ದರೆ ನಮ್ಮ ಬ್ಯಾಂಡಿಗೆ, ಹವ್ಯಾಸಿಗಳಿಗೆಂದೇ ಬಿಟ್ಟ ಅಲೆಗಳಿಗೆ, ಬಾ. ಅಲ್ಲಿ ಆಡುವ ಮಾತೆಲ್ಲ ಎಲ್ಲರೂ ಕೇಳಲಿ ಎಂದೇ ಆಡುವುದು." ಅಣ್ಣನಿಗೆ ಸ್ಕ್ಯಾನರ್ ಬೇಡವೆಂದು ಅಂದೇ ತಿಳಿಸಿದೆ.

ಮೊದಲ ಮೂರು ತಿಂಗಳು ನನ್ನ ಬಳಿ ಸೆಟ್ಟೇ ಇರಲಿಲ್ಲ. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ತಮ್ಮ ರಿಸೀವರನ್ನು ಇಂಟರ್ನೆಟ್ಟಿಗೆ ಜೋಡಿಸಿ ಇಟ್ಟಿದ್ದಾರೆ. 29 ಮೆಗಾಹರ್ಟ್ಸ್‌ವರೆಗೆ ಯಾರು ಬೇಕಾದರೂ ತಿರುಗಿಸಿ ಕೇಳಬಹುದು. ಸಂಜೆ ಕಚೇರಿಯಿಂದ ಬಂದು ಇಯರ್‌ಫೋನ್ ಹಾಕಿಕೊಂಡು 20 ಮೀಟರ್ ಬ್ಯಾಂಡಿನಲ್ಲಿ ಕೂರುತ್ತಿದ್ದೆ. ಪ್ರತಿ ಹ್ಯಾಮ್ ಗೂ ಪರವಾನಗಿಯೊಡನೆ ಸಿಗುವ ಅಕ್ಷರ-ಅಂಕಿಗಳ ಹೆಸರೇ ಕರೆಗುರುತು. ಕೇಳಿದ ಕರೆಗುರುತನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದೆ. ವಿಯು ಎಂದರೆ ನಮ್ಮವರು, 4ಎಸ್ ಎಂದರೆ ಶ್ರೀಲಂಕಾ, ಜೆಎ ಎಂದರೆ ಜಪಾನ್. ಮೊದಲ ವಾರ ಹತ್ತರಲ್ಲಿ ಎರಡು ಗುರುತು ಸಿಕ್ಕರೆ ಹೆಚ್ಚು. ತಿಂಗಳು ಕಳೆಯುವಷ್ಟರಲ್ಲಿ ಗದ್ದಲದೊಳಗಿನಿಂದ ಎ, ಬಿ, ಸಿ ಅಕ್ಷರಗಳಿಗೆ ಹೇಳುವ ಆಲ್ಫಾ, ಬ್ರಾವೊ, ಚಾರ್ಲಿಗಳು ತಾವಾಗಿಯೇ ಬಿಡಿಬಿಡಿಯಾಗಿ ಕೇಳತೊಡಗಿದವು. ದುಬಾರಿ ಸೆಟ್ ಕೊಳ್ಳುವ ಮೊದಲು ಯಾರೇ ಆಗಲಿ ಈ ಮೂರು ತಿಂಗಳು ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹ್ಯಾಮ್ ಪರವಾನಗಿಗೆ ಬರೆಯಬೇಕಾದ ಪರೀಕ್ಷೆಯ ವಿಷಯ ಹೆಚ್ಚು ಹೇಳುವುದಿಲ್ಲ. ದೂರಸಂಪರ್ಕ ಇಲಾಖೆ ನಡೆಸುತ್ತದೆ, 12 ವರ್ಷ ತುಂಬಿದವರು ಬರೆಯಬಹುದು, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ನಾನು ಬರೆದದ್ದು ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ) ಬೇಡದ ರಿಸ್ಟ್ರಿಕ್ಟೆಡ್ ದರ್ಜೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ಮೋರ್ಸ್ ಬೇಕಿತ್ತು. ಓಮನ ನಿಯಮ ಮತ್ತು ನಿಯಮಾವಳಿ ಎರಡನ್ನೂ ಸಮವಾಗಿ ಓದಿ. ನಿಯಮಾವಳಿಯನ್ನು ಹಗುರವಾಗಿ ಕಂಡು ಅಲ್ಲೇ ಎಡವಿದವರನ್ನು ನೋಡಿದ್ದೇನೆ. ಪಾಸಾದ ಮೇಲೆ 20 ವರ್ಷದ ಪರವಾನಗಿಗೆ 1,000 ರೂಪಾಯಿ ಕಟ್ಟಿದೆ. ಕಾಯುವುದು ದೀರ್ಘವಾಯಿತು, ಆದರೆ ವಿಯು3ರಿಂದ ಆರಂಭವಾಗುವ ನನ್ನದೇ ಕರೆಗುರುತು ಬಂತು.

ಆಮೇಲೆಯೇ ಸೆಟ್. ಹಿರಿಯರ ಪರಿಚಯದ ಹ್ಯಾಮ್ ಒಬ್ಬರಿಂದ 5 ವಾಟ್‌ನ ಹಳೆಯ ಜಪಾನಿ ಹ್ಯಾಂಡ್‌ಸೆಟ್ ಕೊಂಡೆ. ಅದರ ಕಿವಿ 136ರಿಂದ 174 ಮೆಗಾಹರ್ಟ್ಸ್‌ವರೆಗೂ ತೆರೆದಿದೆ. ಹವ್ಯಾಸಿಗಳ ಎರಡು ಮೀಟರ್ ಬ್ಯಾಂಡ್ 144ರಿಂದ 146 ಮಾತ್ರ. ಸ್ಕ್ಯಾನ್ ಮಿತಿಯನ್ನು ಆ ಎರಡು ಅಂಕಿಗಳ ನಡುವೆ ಕಟ್ಟಿಹಾಕಿದ್ದೇ ನಾನು ಮಾಡಿದ ಮೊದಲ ಕೆಲಸ.

ಎರಡನೆಯದು ಸ್ಕ್ವೆಲ್ಚ್, ಯಾರೂ ಮಾತನಾಡದಾಗ ಬರುವ ಗದ್ದಲವನ್ನು ಮುಚ್ಚುವ ತಿರುಗುಗುಂಡಿ. ಇದನ್ನು ಸರಿಯಾಗಿ ತಿರುಗಿಸಲು ಬಾರದಿದ್ದರೆ ಯಾವ ಸೆಟ್ಟೂ ಕೆಟ್ಟದ್ದೇ. ಪೂರ್ತಿ ಎಡಕ್ಕೆ ತಿರುಗಿಸಿದರೆ ಮಳೆ ಸುರಿದಂತೆ ಭರ್ರೆನ್ನುವ ಸದ್ದು. ಮೆಲ್ಲಗೆ ಬಲಕ್ಕೆ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಸದ್ದು ಥಟ್ಟನೆ ಕತ್ತರಿಸಿದಂತೆ ನಿಲ್ಲುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಮುಂದಕ್ಕೆ, ಅಷ್ಟೇ. ಇನ್ನೂ ತಿರುಗಿಸಿದರೆ ದೂರದ ದುರ್ಬಲ ದನಿಗಳೂ ಬಾಗಿಲ ಹೊರಗೇ ಉಳಿಯುತ್ತವೆ. ನಮ್ಮ ನಡುಮನೆಯಲ್ಲಿ ಆ ತಿರುಗುಗುಂಡಿ ಅರ್ಧ ದಾಟಿದರೂ ಭರಾಟೆ ನಿಲ್ಲುತ್ತಿರಲಿಲ್ಲ. ಒಂದೊಂದೇ ಸ್ವಿಚ್ ಆರಿಸಿ ನೋಡಿದೆ. ಕಳ್ಳ ಸಿಕ್ಕಿದ್ದು ದೇವರಮನೆಯ ಎಲ್‌ಇಡಿ ಸರದ ಅಡಾಪ್ಟರ್‌ನಲ್ಲಿ.

ಸೆಟ್ಟಿನ ಜೊತೆ ಬರುವ ಮೋಟು ರಬ್ಬರ್ ಆಂಟೆನಾ ಜೇಬಿಗೆ ಅನುಕೂಲವೇ ಹೊರತು ಅಲೆಗಲ್ಲ. 300ನ್ನು ಮೆಗಾಹರ್ಟ್ಸ್ ಲೆಕ್ಕದ ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 145ಕ್ಕೆ ಸುಮಾರು 2.07 ಮೀಟರ್. ಅದರ ಕಾಲು ಭಾಗದಲ್ಲಿ ಐದು ಶೇಕಡ ಕಳೆದರೆ 49 ಸೆಂಟಿಮೀಟರ್, ಆಂಟೆನಾದ ತಂತಿಗೆ ಬೇಕಾದ ಉದ್ದ. ಎಸ್.ಪಿ. ರಸ್ತೆಯಲ್ಲಿ ಎಸ್‌ಒ-239 ಎಂಬ ಚೌಕ ಸಾಕೆಟ್ ತಂದೆ. ನಡುವಿನ ಪಿನ್ನಿಗೆ 49 ಸೆಂಟಿಮೀಟರಿನ ದಪ್ಪ ತಾಮ್ರದ ತಂತಿಯನ್ನು ನೆಟ್ಟಗೆ ಬೆಸುಗೆ ಹಾಕಿ, ನಾಲ್ಕು ಮೂಲೆಯ ತೂತುಗಳಿಗೆ ತುಸು ಉದ್ದದ ನಾಲ್ಕು ತಂತಿಗಳನ್ನು ಬಿಗಿದು 45 ಡಿಗ್ರಿ ಕೆಳಕ್ಕೆ ಬಗ್ಗಿಸಿದೆ. ತಾರಸಿಯ ನೀರಿನ ತೊಟ್ಟಿಯ ಪಕ್ಕ ಪಿವಿಸಿ ಪೈಪಿನ ತುದಿಗೆ ಅದನ್ನು ಏರಿಸಿದ ದಿನ, ಅದುವರೆಗೆ ಗೊರಗೊರ ಎನ್ನುತ್ತಿದ್ದ ನಗರದ ರಿಪೀಟರ್, ಅಂದರೆ ದುರ್ಬಲ ದನಿಗಳನ್ನು ಹಿಡಿದು ಮತ್ತೆ ಬಲವಾಗಿ ಹೊರಡಿಸುವ ಕೇಂದ್ರ, ಪಕ್ಕದ ಕೋಣೆಯಿಂದ ಮಾತನಾಡಿದಷ್ಟು ಸ್ಪಷ್ಟವಾಯಿತು.

ಆ ರಿಪೀಟರಿನಲ್ಲಿ ಹಲವರು ಸರದಿಯ ಮೇಲೆ ಮಾತನಾಡುವ ಕೂಟಕ್ಕೆ ನೆಟ್ ಎನ್ನುತ್ತಾರೆ. ನಡೆಸುವವರು ಒಬ್ಬೊಬ್ಬರನ್ನೇ ಕರೆಯುತ್ತಾರೆ. ಉಳಿದವರು ಕಾಯುತ್ತಾರೆ, ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತು ಶುರುಮಾಡುತ್ತಾರೆ, ತುರ್ತಿನವರಿಗೆ ನಡುವೆ ಜಾಗ ಬಿಡುತ್ತಾರೆ. ಗೋದಾಮಿನ ಬೆಂಕಿಯ ರಾತ್ರಿ ಕೇಳಿದ ಅದೇ ಶಿಸ್ತು ಇದು. 2004ರ ಡಿಸೆಂಬರ್ 26ರ ಸುನಾಮಿಯ ದಿನ ಪೋರ್ಟ್‌ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಅಂಡಮಾನಿನಿಂದ ಸುದ್ದಿ ದಾಟಿಸಿದ್ದನ್ನು ಹಿರಿಯರು ಈಗಲೂ ಎದೆಯುಬ್ಬಿಸಿ ಹೇಳುತ್ತಾರೆ. ಎರಡು ವಾರ ಕೇಳಿದ ಮೇಲೆಯೇ ನಾನು ಮೊದಲ ಬಾರಿ ಗುಂಡಿ ಒತ್ತಿದೆ. ಮಲ್ಲೇಶ್ವರದಿಂದ "ಚೆನ್ನಾಗಿ ಕೇಳಿಸುತ್ತಿದೆಯಪ್ಪಾ" ಎಂಬ ಉತ್ತರ ಬಂತು. ಗಂಟಲು ಕಟ್ಟಿತು.

ಅದೇ ಆಂಟೆನಾದಲ್ಲಿ 145.800 ಮೆಗಾಹರ್ಟ್ಸ್ ಇಟ್ಟುಕೊಂಡರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸಿಗುತ್ತದೆ. ಸುಮಾರು 400 ಕಿಲೋಮೀಟರ್ ಮೇಲಿನಿಂದ, ಒಂದು ಸಲ ನಮ್ಮ ಆಕಾಶದಲ್ಲಿ ಹಾದುಹೋಗುವಾಗ ಹೆಚ್ಚೆಂದರೆ ಹತ್ತು ನಿಮಿಷ. ಆಗಾಗ ಅಲ್ಲಿಂದ ಚಿತ್ರಗಳನ್ನು ಸದ್ದಾಗಿಸಿ ಕಳಿಸುತ್ತಾರೆ. ಅಂಥ ಒಂದು ಭಾನುವಾರ ಅಮ್ಮ ತಾರಸಿಯಲ್ಲಿ ಸಂಡಿಗೆ ಹರವುತ್ತಿದ್ದರು. ಸೆಟ್ಟಿನ ಸ್ಪೀಕರಿಗೆ ಮೊಬೈಲ್ ಹಿಡಿದು ಕುಳಿತಿದ್ದೆ. ನೈರುತ್ಯದಿಂದ ಸೀಟಿಯಂಥ ದನಿ ಎದ್ದಿತು. "ಏನೋ ಅದು, ಹಕ್ಕಿಯೇ?" ಎಂದರು. ಮೊಬೈಲ್ ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬಣ್ಣ ಇಳಿಯತೊಡಗಿತು. ಎರಡು ನಿಮಿಷದಲ್ಲಿ ಚಿತ್ರ ತುಂಬಿತು. ಅಮ್ಮ ಹಿಟ್ಟು ಹತ್ತಿದ ಬೆರಳನ್ನು ದೂರ ಹಿಡಿದು ಬಗ್ಗಿ ನೋಡಿದರು. ಎರಡನೆಯ ಚಿತ್ರ ಅರ್ಧಕ್ಕೆ ಬರುವಾಗ ದನಿ ಈಶಾನ್ಯದ ಮನೆಗಳ ಹಿಂದೆ ಇಳಿದು ಕ್ಷೀಣವಾಯಿತು, ಗೆರೆಗಳು ಚದುರಿದವು, ಸ್ಕ್ವೆಲ್ಚ್ ಮುಚ್ಚಿಕೊಂಡಿತು. "ಮತ್ತೆ ಎಷ್ಟು ಹೊತ್ತಿಗೆ ಬರುತ್ತದೆ?" ಎಂದು ಅಮ್ಮ ಕೇಳಿದರು. ಒಂದೂವರೆ ಗಂಟೆ ಎಂದೆ.