ನಾಯಿಯ ಮೈಮೇಲಿನ ಗಂಟು: ಬೆರಳಿಗೆ ತಿಳಿಯುವುದು, ಸೂಜಿಗೆ ತಿಳಿಯುವುದು

ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ. ಗೌರಿ ಲ್ಯಾಬ್ರಡಾರ್, ಒಂಬತ್ತು ವರ್ಷ ದಾಟಿದವಳು. ಕರಿಯ ಊರನಾಯಿ, ಎರಡು ವರ್ಷವೂ ತುಂಬಿಲ್ಲ. ಅವಳಿಗೆ ವಯಸ್ಸಾದ ಮೇಲೆ ಏಳುವ ಗಂಟುಗಳು, ಇವನಿಗೆ ಎಳೆಯ ನಾಯಿಗಳಿಗೆ ಬರುವ ಗುಳ್ಳೆಗಳು. ಸಾಗರದ ಕಡೆಯ ತೋಟದ ಮನೆ ನಮ್ಮದು. ಮಳೆ, ತೇವ, ಉಣುಗು ಯಾವುದಕ್ಕೂ ಬರವಿಲ್ಲ. ಹೀಗಾಗಿ ನಾಯಿಯ ಚರ್ಮದ ಮೇಲೆ ಕಾಣುವ ಸಣ್ಣ ಉಬ್ಬುಗಳಲ್ಲಿ ಬಹಳಷ್ಟನ್ನು ಹತ್ತಿರದಿಂದ ನೋಡಿದ್ದೇನೆ. ನೋಡುತ್ತಾ ಬಂದಂತೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿದೆ. ಉಬ್ಬನ್ನು ಹುಡುಕುವುದು, ಅಳೆಯುವುದು, ಬರೆದಿಡುವುದು ಮನೆಯವರ ಕೆಲಸ. ಅದು ಏನೆಂದು ಹೇಳುವ ಕೆಲಸ ಸೂಜಿಯದು, ಸೂಕ್ಷ್ಮದರ್ಶಕದ್ದು.

ವಾರಕ್ಕೊಮ್ಮೆ, ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ, ಜಗಲಿಯ ಮೇಲೆ ಮಲಗಿಸಿಕೊಂಡು ಮೈ ತಡವುತ್ತೇನೆ. ಮೂತಿಯಿಂದ ಶುರುಮಾಡಿ ಬಾಲದ ತುದಿಯವರೆಗೆ, ಕೂದಲಿಗೆ ಎದುರಾಗಿ ಬೆರಳು ಹಾಯಿಸಬೇಕು. ಬೆನ್ನು, ಪಕ್ಕೆಗಳನ್ನು ಎಲ್ಲರೂ ಸವರುತ್ತಾರೆ. ಗಂಟು ಅಡಗಿ ಕೂರುವುದು ಕಂಕುಳಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ, ಬೆರಳುಗಳ ಸಂದಿಯಲ್ಲಿ, ಬಾಲದ ಬುಡದಲ್ಲಿ, ತುಟಿಯ ಒಳಗೆ. ಹೊಟ್ಟೆಯ ಮೇಲೆ ಎರಡು ಸಾಲಾಗಿ ಇರುವ ಚಿಕ್ಕ ಉಬ್ಬುಗಳು ಮೊಲೆತೊಟ್ಟುಗಳು. ಗಂಡುನಾಯಿಗೂ ಇರುತ್ತವೆ, ಸಾಮಾನ್ಯವಾಗಿ ಎಂಟರಿಂದ ಹತ್ತು. ಮನೆಗೆ ಬಂದ ನೆಂಟರೊಬ್ಬರು ಕರಿಯನ ಹೊಟ್ಟೆ ನೋಡಿ, "ಅಯ್ಯೋ, ಎಷ್ಟು ಉಣುಗು ಹತ್ತಿದೆ ನೋಡಿ" ಎಂದು ಕೀಳಲು ಕೈಹಾಕಿದ್ದರು. ತಡೆಯದೇ ಇದ್ದಿದ್ದರೆ ರಕ್ತ ಬರುತ್ತಿತ್ತು. ಸಂಶಯವಿದ್ದರೆ ಭೂತಗನ್ನಡಿ ಹಿಡಿಯಿರಿ: ಉಣುಗಾದರೆ ಚರ್ಮಕ್ಕೆ ತಾಗಿದ ಕಡೆ ಕಾಲುಗಳು ಕಾಣುತ್ತವೆ.

ಉಣುಗನ್ನು ಕೀಳುವುದಕ್ಕೆ ನನ್ನ ಬಳಿ ಸಣ್ಣ ಮೊನೆಯ ಚಿಮಟವಿದೆ. ಚರ್ಮಕ್ಕೆ ಆದಷ್ಟೂ ಹತ್ತಿರ, ಅದರ ತಲೆಯ ಬಳಿ ಹಿಡಿದು, ತಿರುಚದೆ, ಒಂದೇ ಸಮನಾಗಿ ನೇರ ಮೇಲಕ್ಕೆ ಎಳೆಯುತ್ತೇನೆ. ಸೀಮೆಎಣ್ಣೆ ಸುರಿಯುವುದು, ಬೀಡಿಯ ಕಿಡಿ ತಾಗಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ. ನಾಯಿಯ ಚರ್ಮ ಸುಡುವುದಲ್ಲದೆ, ಕಸಿವಿಸಿಗೊಂಡ ಉಣುಗು ತನ್ನ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕಬಹುದು. ಕಿತ್ತದ್ದನ್ನು ಉಗುರಿನಲ್ಲಿ ಕುಕ್ಕಬಾರದು. ಮುಚ್ಚಳವಿರುವ ಬಾಟಲಿಯ ಸ್ಪಿರಿಟ್‌ಗೆ ಹಾಕುತ್ತೇನೆ, ಕೈಗವಸನ್ನಂತೂ ಬಿಡುವುದೇ ಇಲ್ಲ. ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಗುರುತಿಸಿದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅರಳಗೋಡಿನಲ್ಲಿ ಅದು ಉಲ್ಬಣಿಸಿದ ದಿನಗಳನ್ನು ಕಂಡವರು ಯಾರೂ ಉಣುಗನ್ನು ಹಗುರವಾಗಿ ಕಾಣುವುದಿಲ್ಲ. ನಾಯಿಗೆ ಉಣುಗಿನಿಂದ ತಗಲುವ ರೋಗಗಳು ಬೇರೆ: ಮುಖ್ಯವಾಗಿ ರಕ್ತಕ್ಕೆ ತಗಲುವ ಎರ್ಲಿಕಿಯಾ ಮತ್ತು ಬೆಬೀಸಿಯಾ. ಉಣುಗು ಕಿತ್ತ ಮುಂದಿನ ವಾರಗಳಲ್ಲಿ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ ಅಥವಾ ಮೂತ್ರ ಕೆಂಪಾದರೆ ರಕ್ತಪರೀಕ್ಷೆ ಮಾಡಿಸಲೇಬೇಕು. ಇನ್ನು, ಕಚ್ಚಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಕೆಲವು ವಾರ ಉಳಿಯುವುದುಂಟು. ದಿನದಿನಕ್ಕೆ ಇಳಿಯುತ್ತಿದ್ದರೆ ಅದನ್ನು ಅದರ ಪಾಡಿಗೆ ಬಿಡುತ್ತೇನೆ.

ಮಳೆಗಾಲದಲ್ಲಿ ಕರಿಯನ ಹೊಟ್ಟೆ ಮತ್ತು ತೊಡೆಸಂದಿಯಲ್ಲಿ ಕೀವುಗುಳ್ಳೆಗಳು ಏಳುತ್ತವೆ. ಗುಳ್ಳೆ ಒಡೆದ ಮೇಲೆ ಅಂಚು ಸುಲಿದ, ದುಂಡನೆಯ ಕಲೆ ಉಳಿಯುತ್ತದೆ. ಅದನ್ನು ನೋಡಿ ಹುಳುಕಡ್ಡಿ ಎನ್ನುವವರೇ ಹೆಚ್ಚು. ಬಹುತೇಕ ಅದು ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾ ತೇವ, ಚಿಗಟ, ಅಲರ್ಜಿಗಳ ನೆಪದಲ್ಲಿ ಮೇಲೆದ್ದದ್ದು. ವೈದ್ಯರ ಸಲಹೆಯಂತೆ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯುತ್ತೇನೆ. ಆ ಹತ್ತು ನಿಮಿಷವೇ ಮುಖ್ಯ. ಹಚ್ಚಿದ ಕೂಡಲೇ ತೊಳೆದರೆ ಔಷಧಿಗೆ ಕೆಲಸ ಮಾಡಲು ಬಿಡುವೇ ಸಿಗುವುದಿಲ್ಲ. ಆಮೇಲೆ ಬೆರಳ ಸಂದಿಯವರೆಗೂ ಒರೆಸಿ ಒಣಗಿಸಬೇಕು. ನಮ್ಮ ಸೋಪು, ನಮ್ಮ ಮುಲಾಮು ಬೇಡವೇ ಬೇಡ. ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕುತ್ತದೆ. ಸೋರಿಯಾಸಿಸ್‌ಗೆ ಕೊಡುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ಪ್ರಾಣಕ್ಕೆ ಅಪಾಯ. ಗುಳ್ಳೆಗಳ ಜೊತೆ ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆ ಕಟ್ಟಿ, ನಾಯಿ ರಾತ್ರಿಯಿಡೀ ಕೆರೆದುಕೊಂಡು, ಮನೆಯವರಿಗೂ ತುರಿಕೆ ಹತ್ತಿದರೆ ಅದು ಕಜ್ಜಿಯಿರಬಹುದು. ಅದಕ್ಕೆ ಚಿಕಿತ್ಸೆ ಬೇರೆ.

ಕರಿಯನ ಕಿವಿಯ ಮೇಲೆ ಒಮ್ಮೆ ಕೂದಲಿಲ್ಲದ, ಕೆಂಪಗೆ ಹೊಳೆಯುವ ಗುಂಡನೆಯ ಉಬ್ಬು ಎದ್ದಿತು. ನೋಡಲು ಭಯ ಹುಟ್ಟಿಸುವಂತಿತ್ತು, ಬೆಳೆದದ್ದೂ ಬಹಳ ಬೇಗ. ಸೂಜಿ ಪರೀಕ್ಷೆಯಲ್ಲಿ, ಅಂದರೆ ಗಂಟಿಗೆ ಸಣ್ಣ ಸೂಜಿ ಚುಚ್ಚಿ ತೆಗೆದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹಿಸ್ಟಿಯೊಸೈಟೋಮಾ ಎಂದು ತಿಳಿಯಿತು. ಮೂರು ವರ್ಷದೊಳಗಿನ ನಾಯಿಗಳಿಗೇ ಹೆಚ್ಚಾಗಿ ಬರುವ ನಿರಪಾಯದ ಗಂಟು. ದೇಹದ ರೋಗನಿರೋಧಕ ಶಕ್ತಿಯೇ ಎರಡು ಮೂರು ತಿಂಗಳಲ್ಲಿ ಅದನ್ನು ಕರಗಿಸಿಬಿಡುತ್ತದೆ. ಕರಿಯನದೂ ಹಾಗೆಯೇ ಕರಗಿತು. ಎಳೆಯ ನಾಯಿಗಳ ಬಾಯಿಯಲ್ಲಿ ಏಳುವ ಹೂಕೋಸಿನಂಥ ನರಹುಲಿಗಳೂ ಸಾಮಾನ್ಯವಾಗಿ ತಾವಾಗಿ ಉದುರುತ್ತವೆ. ಮೈಮೇಲಿನ ನರಹುಲಿಗೆ ಕುದುರೆ ಬಾಲದ ಕೂದಲು ಬಿಗಿದು ಕಟ್ಟಿ ಎಂದು ಊರಲ್ಲಿ ಹೇಳುತ್ತಾರೆ. ದಯವಿಟ್ಟು ಕಟ್ಟಬೇಡಿ. ಅದು ನರಹುಲಿಯೇ ಎಂದು ಗೊತ್ತಿಲ್ಲದೆ ಕಟ್ಟುವುದು, ಕೊಳೆಯಲು ಬಿಡುವುದು ಹಿಂಸೆ.

ಗೌರಿಯದು ಬೇರೆ ಕಥೆ. ಅವಳ ಪಕ್ಕೆಯ ಮೇಲೆ ಮೆತ್ತಗಿನ ಗಂಟೊಂದಿದೆ. ಬೆರಳಿನಲ್ಲಿ ಒತ್ತಿದರೆ ಚರ್ಮದ ಕೆಳಗೆ ಜಾರುತ್ತದೆ, ನೋವಿಲ್ಲ. ನಡುವಯಸ್ಸು ದಾಟಿದ, ಮೈ ಬಂದ ಲ್ಯಾಬ್ರಡಾರ್‌ಗಳಲ್ಲಿ ಇದು ಬಹುತೇಕ ಕೊಬ್ಬಿನ ಗಂಟು. ಆದರೂ ವೈದ್ಯರು ಸಣ್ಣ ಸೂಜಿ ಚುಚ್ಚಿ, ಬಂದದ್ದನ್ನು ಸ್ಲೈಡಿನ ಮೇಲೆ ಹರಡಿ ತೋರಿಸಿದರು. ಎಣ್ಣೆಯ ಹನಿಗಳಂತೆ ಮಿನುಗುತ್ತಿತ್ತು, ಎಷ್ಟು ಹೊತ್ತಾದರೂ ಒಣಗಲಿಲ್ಲ. ಕೊಬ್ಬಿನ ಲಕ್ಷಣ ಅದು. ಸೂಜಿಗೆ ಅರಿವಳಿಕೆಯೂ ಬೇಕಾಗಲಿಲ್ಲ. ಚುಚ್ಚುವಾಗ ಗೌರಿ ಬಿಸ್ಕತ್ತು ತಿನ್ನುತ್ತಿದ್ದಳು. ಆ ಗಂಟು ಇಂದಿಗೂ ಇದೆ. ನಡಿಗೆಗೆ ಅಡ್ಡಿಯಾಗದಷ್ಟು ಕಾಲ ಇರಲಿ.

ಅವಳ ಹಿಂದೊಡೆಯಲ್ಲಿದ್ದ ಇನ್ನೊಂದು ಗಂಟು ತೊಗರಿಬೇಳೆಯಷ್ಟೇ ಇತ್ತು. ಮುಟ್ಟಿದರೆ ಏನೂ ವಿಶೇಷ ತಿಳಿಯುತ್ತಿರಲಿಲ್ಲ. ತಿಳಿಸಿದ್ದು ನೋಟ್‌ಬುಕ್. ನಾಯಿಯ ಆಕಾರವನ್ನು ಎರಡೂ ಪಕ್ಕದಿಂದ ಬರೆದುಕೊಂಡು, ಗಂಟಿರುವ ಕಡೆ ಚುಕ್ಕೆಯಿಟ್ಟು, ದಿನಾಂಕ, ಮಿಲಿಮೀಟರ್ ಲೆಕ್ಕದ ಗಾತ್ರ, ಬಣ್ಣ, ಗಟ್ಟಿಯೋ ಮೆತ್ತಗೋ ಎಂಬುದನ್ನು ಬರೆಯುತ್ತೇನೆ. ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇನೆ. ಈ ಗಂಟು ಒಂದು ವಾರ 6 ಮಿಲಿಮೀಟರ್, ಮುಂದಿನ ವಾರ 11, ಅದರ ಮುಂದಿನ ವಾರ 7. ಊದಿ ಮತ್ತೆ ಇಳಿಯುವ ಗಂಟು ಎಂದ ಕೂಡಲೇ ವೈದ್ಯರು, "ಇದನ್ನು ಹಿಸುಕಲೇಬೇಡಿ" ಎಂದರು. ಅವರ ಸಂಶಯ ಮಾಸ್ಟ್ ಕೋಶದ ಗಡ್ಡೆಯ ಮೇಲೆ. ಅಲರ್ಜಿಯಲ್ಲಿ ಕೆರಳುವ ರೋಗನಿರೋಧಕ ಕೋಶಗಳವು; ಅವುಗಳ ಗಡ್ಡೆಯ ಒಳಗೆ ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಕೆರಳಿಸಿದರೆ ಅದು ಬಿಡುಗಡೆಯಾಗಿ ಸುತ್ತಲೂ ಊತ, ಕೆಂಪು. ನಾಯಿಗಳಿಗೆ ಬರುವ ಚರ್ಮದ ಕ್ಯಾನ್ಸರ್‌ಗಳಲ್ಲಿ ಇದು ಬಹಳ ಸಾಮಾನ್ಯ, ಮತ್ತು ಯಾವ ಗಂಟಿನ ವೇಷವನ್ನಾದರೂ ಹಾಕಬಲ್ಲದು. ಬಣ್ಣ ಹಾಕಿದ ಸ್ಲೈಡನ್ನು ನನಗೂ ತೋರಿಸಿದರು: ದುಂಡನೆಯ ಕೋಶಗಳು, ಒಳಗೆಲ್ಲ ನೇರಳೆ ಬಣ್ಣದ ಸಣ್ಣ ಕಣಗಳು. ಮಾಸ್ಟ್ ಕೋಶದ ಗುರುತು ಅದು.

ಶಸ್ತ್ರಚಿಕಿತ್ಸೆಯ ಹೊಲಿಗೆ ನನ್ನ ತೋರುಬೆರಳಿಗಿಂತ ಉದ್ದವಿತ್ತು. ಅಷ್ಟು ಸಣ್ಣ ಗಂಟಿಗೆ ಇಷ್ಟು ದೊಡ್ಡ ಗಾಯವೇ ಎಂದು ಮನೆಯವರು ನೊಂದುಕೊಂಡರು. ಕಣ್ಣಿಗೆ ಕಾಣದ ಕೋಶಗಳು ಸುತ್ತಲೂ ಹರಡಿರಬಹುದಾದ್ದರಿಂದ ಆರೋಗ್ಯವಾಗಿರುವ ಅಂಗಾಂಶವನ್ನೂ ಅಗಲಕ್ಕೆ, ಆಳಕ್ಕೆ ಸೇರಿಸಿ ತೆಗೆಯಬೇಕಾಗುತ್ತದೆ. ತೆಗೆದದ್ದನ್ನು ಫಾರ್ಮಲಿನ್‌ನಲ್ಲಿ ಇಟ್ಟು ಪ್ರಯೋಗಾಲಯಕ್ಕೆ ಕಳಿಸಿದೆವು. ಕೆಳದರ್ಜೆಯ, ಅಂದರೆ ಅಷ್ಟು ಉಗ್ರವಲ್ಲದ ಗಡ್ಡೆ, ಅಂಚುಗಳು ಸ್ವಚ್ಛ, ಅಂದರೆ ಅಲ್ಲಿ ಗಡ್ಡೆಯ ಕೋಶಗಳಿಲ್ಲ ಎಂದು ವರದಿ ಬಂತು. ಸಣ್ಣದಿರುವಾಗಲೇ ಹೋದದ್ದರಿಂದ ಇಷ್ಟಕ್ಕೆ ಮುಗಿಯಿತು. ಬಟಾಣಿಯಷ್ಟಾದ, ಅಂದರೆ ಸುಮಾರು ಒಂದು ಸೆಂಟಿಮೀಟರ್ ಮುಟ್ಟಿದ ಗಂಟು, ಅಥವಾ ತಿಂಗಳಾದರೂ ಹೋಗದ ಗಂಟು ಸೂಜಿ ಪರೀಕ್ಷೆಗೆ ಹೋಗಲೇಬೇಕು. ಬೇಗ ಬೆಳೆದರೆ, ಹುಣ್ಣಾದರೆ, ರಕ್ತ ಒಸರಿದರೆ ತಿಂಗಳು ಕಾಯುವ ಮಾತೇ ಇಲ್ಲ. ಜೇನು ಕಚ್ಚಿಯೋ ಚುಚ್ಚುಮದ್ದಿನ ನಂತರವೋ ಮೈಯೆಲ್ಲ ಒಮ್ಮೆಗೇ ದದ್ದೆದ್ದು ಮುಖ ಊದಿದರೆ, ಉಸಿರಾಟಕ್ಕೆ ತೊಂದರೆಯಾಗುವ ಮೊದಲೇ ಗಾಡಿ ಹತ್ತಿಸಬೇಕು.

ಆಸ್ಪತ್ರೆಗೆ ಹೊರಡುವ ದಿನ ಗಂಟಿಗೆ ಅರಿಶಿನ, ಬೇವಿನೆಣ್ಣೆ ಏನನ್ನೂ ಹಚ್ಚಬೇಡಿ. ಅದರ ಸುತ್ತಲಿನ ಕೂದಲಿನ ಮೇಲೆ ಮಾರ್ಕರ್ ಪೆನ್ನಿನಿಂದ ಗುರುತು ಮಾಡಿ, ಕಪ್ಪು ನಾಯಿಯಾದರೆ ಒಂದಿಷ್ಟು ಕೂದಲು ಕತ್ತರಿಸಿ. ಮನೆಯಲ್ಲಿ ಅಂಗಾತ ಮಲಗಿದಾಗ ಸಿಕ್ಕ ಸಣ್ಣ ಗಂಟು, ವೈದ್ಯರ ಮೇಜಿನ ಮೇಲೆ ನಾಯಿ ಬಿಗಿದುಕೊಂಡು ನಿಂತಾಗ ಎಷ್ಟು ತಡಕಿದರೂ ಸಿಗುವುದಿಲ್ಲ.